ಅಟ್ಟ ಮತ್ತು ಉಂಡಿ

“ಡೆಕ್ಕಿಗೆ ಕನ್ನಡದಾಗ ಏನಂತ ಹೊಡೀಲ್ರೀ ಮೇಡಂ?” ಎಂದು ಟೈಪಿಸ್ಟ್ ಕೇಳಿದ. ಧಾರವಾಡದ ಕಚೇರಿಯೊಂದರ ಕಾಂಪೌಂಡಿಗೆ ಆತುಕೊಂಡ ತಗಡಿನ ಶೆಡ್ಡಿನಲ್ಲಿ ಅವನು ಅರ್ಜಿಗಳನ್ನು ಹೊಡೆದು ಕೊಡುತ್ತಿದ್ದ. ನಾನು ತುಸು ಯೋಚಿಸಿ, “ಮರದ ಅಟ್ಟ ಅಂತ ಹೊಡೀರಿ” ಎಂದೆ. ಅವನು ಹೊಡೆದ. ಕೆರೆಯ ದಂಡೆಯಲ್ಲಿ, ಮೀಸಲು ಅರಣ್ಯದ ಗಡಿಗೆ ಸಮೀಪ, ಮರದ ಅಟ್ಟ ಕಟ್ಟಲು ನಿರಾಕ್ಷೇಪಣಾ ಪತ್ರ ಕೋರಿ. ಓದಿ ನೋಡಿದಾಗ ನನಗೆ ಅದರಲ್ಲಿ ಯಾವ ಕೊರತೆಯೂ ಕಾಣಲಿಲ್ಲ. ನಮ್ಮ ಮನೆಯಲ್ಲಿ ಅಟ್ಟವೆಂದರೆ ಉಪ್ಪಿನಕಾಯಿ ಭರಣಿ, ಹರಿದ ಹಾಸಿಗೆ, ಹಳೆಯ ಟ್ರಂಕು ಇಡುವ ಜಾಗ. ಅರಣ್ಯದವರ ಕಿವಿಗೆ ಅದು ಬೇರೆಯೇ ಕೇಳಿಸುತ್ತದೆ ಎಂದು ಹೇಳಲು ಅಲ್ಲಿ ಯಾರೂ ಇರಲಿಲ್ಲ.

ಅದು ತೊಂಬತ್ತರ ದಶಕದ ಕೊನೆ. ಸಿವಿಲ್ ಇಂಜಿನಿಯರಿಂಗ್ ಮುಗಿಸಿ ಹುಬ್ಬಳ್ಳಿಯ ನವನಗರದ ಒಂದು ಬಾಡಿಗೆ ಕೋಣೆಯಲ್ಲಿ ಡ್ರಾಯಿಂಗ್ ಬೋರ್ಡ್ ಇಟ್ಟುಕೊಂಡಿದ್ದೆ. ಈ ಕೆಲಸ ತಂದವರು ಅದೇ ಊರಿನ ಕಮರಿಪೇಟೆಯ ಹಳೆಯ ಹತ್ತಿ ವ್ಯಾಪಾರಿಯೊಬ್ಬರು. ಊರೆಲ್ಲ ಅವರನ್ನು ಸಾವುಕಾರರು ಎನ್ನುತ್ತಿತ್ತು. ನಮ್ಮ ತಂದೆಯ ಪರಿಚಯದವರಾದ್ದರಿಂದ ನಾನು ಕಾಕಾ ಎನ್ನುತ್ತಿದ್ದೆ. ಅಡತಿ ಅಂಗಡಿಯನ್ನು ಮಕ್ಕಳಿಗೆ ಬಿಟ್ಟು ಅವರು ಧಾರವಾಡದಿಂದ ಪಶ್ಚಿಮಕ್ಕೆ, ಸಾಗುವಾನಿ ಅಡವಿ ಶುರುವಾಗುವಲ್ಲಿ, ಒಂದು ಹೊಲ ಕೊಂಡಿದ್ದರು. ಹೊಲದ ಮುಂದೆ ಸಣ್ಣ ಕೆರೆ, ಹಿಂದೆ ಮೀಸಲು ಅರಣ್ಯ. ಅಲ್ಲೊಂದು ಊಟ-ತಿಂಡಿಯ ತಾಣ ಮಾಡಬೇಕು, ಕೆರೆಯ ಕಡೆಗೆ ಚಾಚಿದ ಡೆಕ್ ಇರಬೇಕು ಎಂಬುದು ಅವರ ಆಸೆ.

“ನೀರಿನ ದಂಡಿಗೆ ಕುಂತು ಮಂದಿ ಗಿರ್ಮಿಟ್ ತಿನ್ನಬೇಕು ತಂಗಿ,” ಎಂದಿದ್ದರು. “ಎದುರಿಗೆ ನೀರು, ಬಾಜೂಕ ಅಡವಿ. ಹುಬ್ಬಳ್ಳ್ಯಾಗ ಧೂಳಾ ಕುಡದ ಮಂದಿ ಅರ್ಧಾ ದಿನಾರ ಉಸರಾಡ್ಲಿ.”

ಮಕ್ಕಳಿಗೆ ಇದು ಅರಳುಮರಳಿನಂತೆ ಕಂಡಿತ್ತು. ಕೊನೆಗೆ ಮನೆಯಲ್ಲಿ ಒಂದು ಒಪ್ಪಂದವಾಯಿತು. ದೀಪಾವಳಿಯ ಅಂಗಡಿ ಪೂಜೆಯ ಹೊತ್ತಿಗೆ ಎಲ್ಲ ಅನುಮತಿಗಳೂ ಕೈಯಲ್ಲಿದ್ದರೆ ಕಾಕಾ ಕಟ್ಟಬಹುದು. ಒಂದು ಕಾಗದ ಕಡಿಮೆಯಾದರೂ ಹೊಲ ಮಾರಾಟಕ್ಕೆ. ಕಾಕಾ ಒಪ್ಪಿ ನನ್ನ ಬಳಿ ಬಂದಿದ್ದರು. “ನನ್ನ ಹಟಾ ಈಗ ನಿನ್ನ ಕೈಯಾಗ ಐತಿ ನೋಡವಾ,” ಎಂದು ಹೇಳಿ, ನನ್ನ ಕೋಣೆಯ ಒಂದೇ ಒಂದು ಕುರ್ಚಿಯಲ್ಲಿ ಕೂತು ಬೆವರು ಒರೆಸಿಕೊಂಡಿದ್ದರು.

ಮೊದಲ ಕಾಗದಗಳು ಬೇಗ ಬಂದವು. ಪಂಚಾಯತಿಯವರಿಗೆ ತಕರಾರು ಇರಲಿಲ್ಲ. ಕೊಳೆನೀರು ಕೆರೆಗೆ ಹೋಗದಂತೆ ಇಂಗುಗುಂಡಿಯ ನಕ್ಷೆ ಕೊಟ್ಟ ಮೇಲೆ ಮಾಲಿನ್ಯದ ಕಡೆಯವರೂ ಒಪ್ಪಿದರು. ಅಡ್ಡ ಬಂದವರು ಕೆರೆಯ ಕಡೆಯವರು. ಕೆರೆ ತುಂಬಿದಾಗ ನೀರು ನಿಲ್ಲುವ ಮಟ್ಟದೊಳಗೆ ಒಂದು ಕಂಬವೂ ಬರಕೂಡದು ಎಂದರು. ನಾನು ಲೆವೆಲ್ ಯಂತ್ರ ಬಾಡಿಗೆಗೆ ತಂದು, ಕೋಡಿಯ ಮಟ್ಟ ಹಿಡಿದು, ದಂಡೆಯುದ್ದಕ್ಕೂ ಸುಣ್ಣದ ಗುರುತು ಹಾಕಿದೆ. ನನ್ನ ಮುಂದಿನ ಸಾಲಿನ ಕಂಬಗಳೆಲ್ಲ ಆ ಗೆರೆಯ ಒಳಗೇ ಬಿದ್ದಿದ್ದವು. ಡೆಕ್ಕನ್ನು ಹಿಂದೆ ಸರಿಸದೆ ದಾರಿಯಿರಲಿಲ್ಲ. ಹಿಂದೆ ಅಂದರೆ ಅಡವಿಯ ಕಡೆಗೆ. ಟ್ರೇಸಿಂಗ್ ಹಾಳೆಯಲ್ಲಿ ಹೊಸದಾಗಿ ಬರೆದು, ಅಮೋನಿಯಾ ಪ್ರಿಂಟ್ ತೆಗೆಸಿ ಕೊಟ್ಟೆ. ಕೆರೆಯವರು ಮುದ್ರೆ ಒತ್ತಿದರು. ಆ ಮುದ್ರೆಯೇ ನಮ್ಮನ್ನು ಅರಣ್ಯದ ಗಡಿಗೆ ಇನ್ನಷ್ಟು ಹತ್ತಿರ ತಂದು ನಿಲ್ಲಿಸಿತ್ತು.

ಇಷ್ಟರಲ್ಲಿ ಕಾಕಾ ನನಗೆ ಹೇಳದೆ ಒಂದು ಕೆಲಸ ಮಾಡಿದ್ದರು. ಹುಬ್ಬಳ್ಳಿ ರೈಲ್ವೆಯ ಹರಾಜಿನಲ್ಲಿ ಹಳಿಯ ಕೆಳಗೆ ಹಾಸುವ ಹಳೆಯ ಮರದ ಸ್ಲೀಪರುಗಳನ್ನು ಹಿಡಿದು, ಲಾರಿಯಲ್ಲಿ ತಂದು, ಹೊಲದ ಬೇಲಿಗೆ ಒಟ್ಟಿಸಿದ್ದರು. “ಇಂಥಾ ಕಟಗಿ ಮತ್ತ ಸಿಗಂಗಿಲ್ಲ ತಂಗಿ, ನೂರು ವರ್ಷ ಮಳಿ ಕುಡದಾವು,” ಎಂದರು. ಕಟ್ಟಿಗೆ ಗಟ್ಟಿಯಾಗಿತ್ತು, ನಿಜ. ಆದರೆ ಅನುಮತಿಗೆ ಮೊದಲೇ ಅಡವಿಯ ಅಂಚಿನಲ್ಲಿ ಕಟ್ಟಿಗೆಯ ರಾಶಿ ಬಿದ್ದಿತ್ತು. ಅದನ್ನು ಯಾರೋ ನೋಡಿಕೊಂಡು ಹೋಗಿದ್ದರು. ರಾಶಿಯ ಸುತ್ತ ಮಣ್ಣಿನಲ್ಲಿ ಬೂಟುಗಾಲಿನ ಗುರುತು ಕಂಡೆವು. ಕಾಕಾನ ನಾಯಿ ಮೋತ್ಯಾ ಆ ಗುರುತುಗಳನ್ನು ಮೂಸಿ ಗುರುಗುಟ್ಟಿತು. ಅದು ಹೊಲ ಕೊಂಡಾಗ ಹೊಲದ ಜೊತೆಗೇ ಬಂದ ನಾಯಿ. ದಿನವೂ ಸ್ಕೂಟರಿನಲ್ಲಿ ರೊಟ್ಟಿ ತಂದು ಹಾಕುವ ಕಾಕಾನ ಹೊರತು ಅದಕ್ಕೆ ಯಾರೂ ಬೇಕಿರಲಿಲ್ಲ.

ಅರಣ್ಯದವರಿಗೆ ಅಟ್ಟದ ಅರ್ಜಿ ಕೊಟ್ಟ ಮೇಲೆ ಬಹಳ ಕಾಲ ಉತ್ತರವಿಲ್ಲ. ಕೊನೆಗೆ ವಲಯ ಅರಣ್ಯಾಧಿಕಾರಿಯಿಂದ ಕರೆ ಬಂತು. ಹೋದಾಗ ಅವರ ಟೇಬಲ್ ಮೇಲೆ ನನ್ನ ಅರ್ಜಿ ತೆರೆದಿತ್ತು, “ಅಟ್ಟ” ಎಂಬ ಪದದ ಕೆಳಗೆ ಕೆಂಪು ಗೆರೆ. ಬಾಗಿಲಲ್ಲಿ ಆ ಭಾಗದ ಗಾರ್ಡ್ ನಿಂತಿದ್ದ. ಎತ್ತರದ ಆಳು, ಎಲೆ-ಅಡಿಕೆ ಜಗಿಯುತ್ತ, ಎಲ್ಲವೂ ಮೊದಲೇ ಗೊತ್ತಿದೆ ಎಂಬಂತೆ ನಗುವವನು.

“ಅಟ್ಟ,” ಎಂದರು ಅಧಿಕಾರಿ. “ಯಾರು ಕುಂದರಾವ್ರು ಇದರ ಮ್ಯಾಲ?”

“ಬಂದ ಮಂದಿ ಕೂಡ್ತಾರ್ರಿ.”

“ಕುಂತು ಏನ್ ಮಾಡ್ತಾರ?”

“ನೋಡ್ತಾರ್ರಿ.”

“ಏನ್ ನೋಡ್ತಾರ?”

“ಪಕ್ಷಿ, ಪ್ರಾಣಿ. ನೀರು ಕುಡ್ಯಾಕ ಬರ್ತಾವಂತಲ್ರಿ.”

“ಯಾವ ಪ್ರಾಣಿ?”

“ಹಂದಿ ಬರ್ತಾವಂತ್ರಿ. ಒಂದ್ಸಲ ಜಿಂಕಿನೂ ಬಂದಿತ್ತಂತ ಸಾವುಕಾರ್ರು ಹೇಳಿದ್ರು.”

“ಎಷ್ಟೊತ್ತಿಗೆ ಬರ್ತಾವ ಅನ್ನೂದೂ ನೋಡಿ ಇಟ್ಟಾರೇನು?”

“ಸಂಜಿಮುಂದ ಅಂತ್ರಿ.”

ಗಾರ್ಡ್ ಬಾಗಿಲಲ್ಲೇ ನಕ್ಕ. “ಎಲ್ಲಾ ಬರೋಬ್ಬರಿ ಹೇಳಾಕತ್ತಾರ್ರೀ ಸಾಹೇಬ್ರ.”

ಅಧಿಕಾರಿ ನಗಲಿಲ್ಲ. ನನ್ನ ಮುಖವನ್ನೇ ನೋಡುತ್ತ, ಒಂದೊಂದು ಪದವನ್ನೂ ಬಿಡಿಸಿ ಹೇಳಿದರು. “ಮೇಡಂ, ಅಲ್ಲೆ ಉಂಡಿ ಯಾರು ಇಡಾಕತ್ತಾರ, ಮೊದಲ ಅದು ಗೊತ್ತಾಗ್ಲಿ. ಆಮ್ಯಾಲ ನಿಮ್ಮ ಅಟ್ಟದ ಮಾತು.”

ನಮ್ಮ ಕಡೆ ಉಂಡಿ ಎಂದರೆ ಲಾಡು. ಬೇಸನ್ ಉಂಡಿ, ಶೇಂಗಾ ಉಂಡಿ, ರವೆ ಉಂಡಿ. ಕಚೇರಿಗಳಲ್ಲಿ ಓಡಾಡಿದವರಿಗೆ ಅದಕ್ಕೆ ಇನ್ನೊಂದು ಅರ್ಥವೂ ಗೊತ್ತಿರುತ್ತದೆ. ಚಹಾ-ನೀರು, ಸಿಹಿ, ಹೂವು-ಹಣ್ಣು ಎಂದು ಎಷ್ಟೋ ಹೆಸರುಗಳಲ್ಲಿ ಕೇಳುವುದನ್ನು ನಾನು ಕೇಳಿದ್ದೆ. ಇದು ಹೊಸ ಹೆಸರು ಅಂದುಕೊಂಡೆ. ಅಂದರೆ, ಬೇರೆ ಯಾರೋ ಈಗಾಗಲೇ ಇಡುತ್ತಿದ್ದಾರೆ. ಆ ಹೊಲದ ಮೇಲೆ ಇನ್ನೊಬ್ಬರ ಕಣ್ಣಿದೆ. ನಾವೂ ಇಡಬೇಕೆಂದು ಸೂಚನೆ. ನನ್ನ ಮುಖ ಬಿಗಿಯಾಯಿತು.

“ನಮ್ಮ ಕಡಿಂದ ಅಂಥಾದ್ದು ಏನೂ ಇಡೂದಿಲ್ರಿ,” ಎಂದೆ.

“ಎಲ್ಲಾರೂ ಹಂಗ ಅಂತಾರ,” ಎಂದು ಅವರು ಫೈಲು ಮುಚ್ಚಿದರು.

ಹುಬ್ಬಳ್ಳಿಗೆ ಮರಳುವ ಬಸ್ಸಿನಲ್ಲಿ ರಾಯಾಪುರ ದಾಟುವವರೆಗೂ ನಾನು ಅದೊಂದೇ ವಾಕ್ಯವನ್ನು ತಿರುವಿ ಹಾಕುತ್ತಿದ್ದೆ. ಯಾರಿರಬಹುದು? ಕಾಕಾನ ಮಕ್ಕಳೇ? ಹೊಲ ಬೇಗ ಮಾರಾಟವಾಗಲಿ ಎಂದು ಅವರೇ ಅಡ್ಡಗಾಲು ಹಾಕಿಸುತ್ತಿರಬಹುದೇ? ಬೂಟಿನ ಗುರುತು ಯಾರದು? ಬಾಗಿಲಲ್ಲಿ ನಕ್ಕ ಗಾರ್ಡಿಗೆ ಯಾರು ಏನು ಹೇಳಿರಬಹುದು? ಒಮ್ಮೆ ಸಂಶಯ ಹೊಕ್ಕರೆ ಪ್ರತಿಯೊಂದು ಮುಖವೂ ಸಾಕ್ಷಿ ಹೇಳತೊಡಗುತ್ತದೆ.

ಕಮರಿಪೇಟೆಯ ಮನೆಯ ಪಡಸಾಲೆಯಲ್ಲಿ ಕಾಕಾನಿಗೆ ಎಲ್ಲ ಹೇಳಿದೆ. ಅವರು ಕಣ್ಣರಳಿಸಿ ಕೇಳಿದರು, “ಉಂಡಿ ಅಂದ್ನಾ? ಬಾಯಿಬಿಟ್ಟು ಉಂಡಿ ಅಂದ್ನಾ?”

“ಹೂಂ ಕಾಕಾ.”

“ಹಂಗಾದ್ರ ಉಂಡಿನ ಕೊಡೂಣು,” ಎಂದು ಒಳಗೆ ಕೂಗಿದರು. “ಏ ಕೇಳಿದ್ಯಾ, ನಾಳಿಗೆ ಒಂದ್ ಡಬ್ಬಿ ಬೇಸನ್ ಉಂಡಿ ಕಟ್ಟು. ತುಪ್ಪಾ ಮುಂದಾಗಿ ಹಾಕು, ಸರಕಾರದ ಬಾಯಿ ಒಣಗೇತಿ!”

“ಬ್ಯಾಡ ಕಾಕಾ, ಸಿಟ್ಟಿಗೇಳ್ತಾರ.”

“ಏಳ್ಲಿ. ಕೇಳಿದ್ದನ್ನ ಕೊಟ್ರ ಯಾರಿಗೆ ಸಿಟ್ಟು ಬರತೈತಿ? ಜೀವನದಾಗ ಯಾರಿಗೂ ಟೇಬಲ್ ಕೆಳಗ ಕೈ ಚಾಚಿದಾಂವಲ್ಲ ನಾ. ಟೇಬಲ್ ಮ್ಯಾಲ ಇಡ್ತೇನಿ.”

ಹಾಗೆಯೇ ಇಟ್ಟರು. ಮರುದಿನ ಕಾಕಾ ಆ ಸ್ಟೀಲಿನ ಡಬ್ಬಿಯನ್ನು ಅಧಿಕಾರಿಯ ಟೇಬಲ್ಲಿನ ನಟ್ಟನಡುವೆ ಇಟ್ಟು, ಕೈಮುಗಿದು, “ಸಾಹೇಬ್ರು ಉಂಡಿ ಕೇಳಿದ್ರಂತ, ತಂದೇನ್ರಿ,” ಎಂದರು.

ಆಮೇಲೆ ನಡೆದದ್ದು ಈಗಲೂ ಹಾಗೆಯೇ ಕಣ್ಣ ಮುಂದಿದೆ. ಅಧಿಕಾರಿ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದರು. ಗಾರ್ಡ್ ಬಾಗಿಲಿನಿಂದ ವರಾಂಡಕ್ಕೆ ಸರಿದ. ಕಾಕಾ ತಾವೇ ಮುಚ್ಚಳ ತೆಗೆದರು, ಏಲಕ್ಕಿಯ ವಾಸನೆ ಕೋಣೆ ತುಂಬಿತು. ಅಧಿಕಾರಿ ಬಹಳ ಹೊತ್ತು ಬಗ್ಗಿ ನೋಡಿದರು. ನಂತರ ಪೆನ್ನಿನ ತುದಿಯಿಂದ, ಕೈ ಉದ್ದ ಚಾಚಿ, ಒಂದು ಉಂಡಿಯನ್ನು ಮೆಲ್ಲಗೆ ಒಡೆದರು. ಒಡೆದು ಒಳಗೇನಿದೆ ಎಂದು ನೋಡಿದರು. ನೋಟು ಹುಡುಕುತ್ತಿದ್ದಾರೆ ಅಂದುಕೊಂಡೆ ನಾನು.

“ಚ್ಯಾಷ್ಟಿ ಮಾಡಾಕ ಬಂದೀರೇನ್ರಿ ಸಾವುಕಾರ್ರ?” ಎಂದರು ಅವರು. ದನಿ ಕಂಪಿಸುತ್ತಿತ್ತು.

“ಚ್ಯಾಷ್ಟಿ ಯಾಕ್ರಿ? ಮನ್ಯಾಗ ಮಾಡಿದ್ದು. ತಿಂದು ನೋಡ್ರಿ.”

“ಡಬ್ಬಿ ತಗೊಂಡು ನಡೀರಿ ಮೊದಲ. ಜಾಗಾ ನೋಡಾಕ ನಾನ ಬರ್ತೇನಿ. ನೀವಿಬ್ಬರೂ ಅಲ್ಲೆ ಇರಬೇಕು.”

ಹೊರಗೆ ಬಂದು ಕಾಕಾ ಸ್ಕೂಟರಿಗೆ ಒದೆಯುತ್ತ ಗೆದ್ದವರಂತೆ ನಕ್ಕರು. “ನೋಡಿದ್ಯಾ? ನಾಚಿಗಿ ಬಂತು, ಬರ್ತೇನಿ ಅಂದ.” ವಾಪಸು ಬಂದ ಉಂಡಿಗಳನ್ನು ಕಾಕಾ ಮನೆಗೆ ಒಯ್ಯಲಿಲ್ಲ. ಹೊಲಕ್ಕೆ ಒಯ್ದು ದಿನಕ್ಕಿಷ್ಟು ಮೋತ್ಯಾನಿಗೆ ಹಾಕಿದರು. ರೊಟ್ಟಿ ಮುಟ್ಟದೆ ಉಂಡಿಗೇ ಕಾಯುವಷ್ಟು ರುಚಿ ಹತ್ತಿತು ಅದಕ್ಕೆ.

ಅಧಿಕಾರಿ ಬಂದದ್ದು ಮಳೆ ಬಿಟ್ಟ ಒಂದು ಬೆಳಿಗ್ಗೆ. ಜೀಪಿನಿಂದ ಇಳಿದವರೇ ಸ್ಲೀಪರಿನ ರಾಶಿಗೆ ಹೋಗಿ ಹರಾಜಿನ ರಸೀದಿ ಕೇಳಿದರು. ಪ್ರತಿ ಸ್ಲೀಪರಿನಲ್ಲಿ ಮೊಳೆ ಹೊಡೆದ ತೂತುಗಳಿವೆಯೇ ಎಂದು ಬೆರಳಿಟ್ಟು ನೋಡಿದರು. ಅಡವಿಯ ಮರ ಕಡಿದು ಹೊಂದಿಸಿದ್ದಲ್ಲ ಎಂದು ಖಾತ್ರಿಯಾಗಬೇಕಿತ್ತು. ಕಾಕಾ ಅವರ ಬೆನ್ನ ಹಿಂದೆಯೇ ಇದ್ದರು. “ಆ ತೂತಿನ್ಯಾಗ ಎಷ್ಟ್ ರೈಲು ಹೋಗ್ಯಾವು ಅದೂ ಲೆಕ್ಕಾ ಹಿಡೀರ್ರಿ,” ಎಂದು ಗೊಣಗಿದ್ದು ನನಗೆ ಕೇಳಿಸಿತು.

ನನ್ನ ಕೆಲಸ ಗಡಿಯಿಂದ ಡೆಕ್ಕಿನ ಹಿಂದಿನ ಕಂಬದವರೆಗಿನ ದೂರ ತೋರಿಸುವುದು. ಅರಣ್ಯದ ಗಡಿಯಲ್ಲಿ ಅಲ್ಲಲ್ಲಿ ಕಲ್ಲು ಒಟ್ಟಿ ಸುಣ್ಣ ಬಳಿದ ಗುಪ್ಪೆಗಳಿರುತ್ತವೆ. ಒಂದು ಗುಪ್ಪೆಯಿಂದ ಮುಂದಿನದಕ್ಕೆ ಟೇಪು ಎಳೆದು, ಆ ಗೆರೆಯಿಂದ ಕಂಬದ ಜಾಗಕ್ಕೆ ಲಂಬ ಹಿಡಿಯಬೇಕು. ಗಾರ್ಡ್ ಟೇಪಿನ ತುದಿ ಹಿಡಿದು ಗುಪ್ಪೆಯ ಆಚೆ ಕುಕ್ಕರಗಾಲಲ್ಲಿ ಕೂತ. ನಾನು ಟೇಪು ಬಿಚ್ಚುತ್ತ ಗಡಿಯುದ್ದಕ್ಕೆ ನಡೆದೆ. ಮೋತ್ಯಾ ನನ್ನ ಹಿಂದೆ ಬಂತು. ಲಂಟಾನಾ ಪೊದೆ ಎದೆಯೆತ್ತರ ಬೆಳೆದಿತ್ತು. ಅದನ್ನು ಬಳಸಿ ಹೋದಾಗ ಗುಪ್ಪೆಯೂ ಗಾರ್ಡೂ ಕಣ್ಣಿಗೆ ಮರೆಯಾದರು, ಟೇಪಿನ ಬಿಗುವು ಮಾತ್ರ ಕೈಗೆ ಸಿಗುತ್ತಿತ್ತು.

ಪೊದೆಯ ಬುಡದಲ್ಲಿ, ಒಂದು ಕಾಲುದಾರಿ ಅಡವಿಯೊಳಗೆ ನುಸುಳುವಲ್ಲಿ, ದುಂಡಗಿನದೊಂದು ಬಿದ್ದಿತ್ತು. ಹಿಟ್ಟಿನ ಬಣ್ಣ. ಬೇಸನ್ ಉಂಡಿಯಷ್ಟೇ ಗಾತ್ರ. ನನ್ನ ತಲೆಯಲ್ಲಿ ಆಗ ಓಡಿದ್ದು ಇಷ್ಟೇ: ಡಬ್ಬಿ ವಾಪಸು ಕೊಟ್ಟ ನಾಟಕವಾಡಿ, ಒಂದೆರಡು ಉಂಡಿ ಕಿಸೆಗೆ ಇಳಿಸಿದ್ದಾನೆ ಈ ಗಾರ್ಡ್. ಇಲ್ಲಿ ಕೂತು ತಿನ್ನುವಾಗ ಬಿದ್ದಿದೆ. ಎತ್ತಿ ಕಾಕಾನಿಗೆ ತೋರಿಸಬೇಕು. ನಾನು ಬಗ್ಗಿ ಕೈ ಚಾಚಿದೆ.

ಹಿಂದಿನಿಂದ ಗಾರ್ಡ್ ಕಿರುಚಿದ. “ಉಂಡಿ! ಏ ಬಾಯಾರ, ಉಂಡಿ ಐತಿ!”

ಆ ಕೂಗು ನನ್ನ ಜೀವ ಉಳಿಸಲು ಹಾಕಿದ್ದು. ನನಗೆ ಅದು ಸಿಕ್ಕಿಬಿದ್ದವನ ಕೂಗಿನಂತೆ ಕೇಳಿಸಿತು. ಕೈ ಹಿಂದಕ್ಕೆ ಬರಲಿಲ್ಲ. ಇನ್ನೂ ಮುಂದಕ್ಕೇ ಹೋಗುತ್ತಿತ್ತು. ಅದು ಮುಟ್ಟುವ ಮೊದಲೇ ಮೋತ್ಯಾ ನನ್ನ ತೋಳಿನ ಕೆಳಗಿನಿಂದ ತೂರಿ, ಅದನ್ನು ಕಚ್ಚಿಕೊಂಡು, ಬಾಲ ಆಡಿಸುತ್ತ ಪೊದೆಯ ಆಚೆಗೆ ನೆಗೆಯಿತು.

ಸದ್ದು ಅಷ್ಟೇನೂ ದೊಡ್ಡದಿರಲಿಲ್ಲ. ದೀಪಾವಳಿಯಲ್ಲಿ ನಮ್ಮ ಓಣಿಯಲ್ಲಿ ಅದಕ್ಕಿಂತ ಜೋರಾದದ್ದು ಕೇಳಿದ್ದೇನೆ. ಮಣ್ಣು, ಎಲೆ ಮುಖಕ್ಕೆ ಬಡಿದವು. ಟೇಪು ಬಿಗುವು ಕಳೆದುಕೊಂಡು ಹಾವಿನಂತೆ ಕಾಲಿಗೆ ಬಂದು ಬಿತ್ತು. ಬಲಗಿವಿಯಲ್ಲಿ ಸಣ್ಣಗೆ ಸೀಟಿ ಊದಿದ ಸದ್ದು ಶುರುವಾಯಿತು. ಮನೆಯಲ್ಲಿ ಸದ್ದಿಲ್ಲದಾಗ ಅದು ಇವತ್ತಿಗೂ ಕೇಳುತ್ತದೆ. ಕುಪ್ಪಸದ ತೋಳಿನ ಮೇಲೆ ಕೆಂಪು ಹನಿಗಳಿದ್ದವು, ಅವು ನನ್ನವಲ್ಲ ಎಂದು ತಿಳಿಯಲು ತೋಳನ್ನು ಮತ್ತೆ ಮತ್ತೆ ಒತ್ತಿ ನೋಡಿಕೊಂಡೆ.

ಮೋತ್ಯಾ ಸ್ವಲ್ಪ ಹೊತ್ತು ಜೀವ ಹಿಡಿದಿತ್ತು. ಅದರ ಮೋರೆಯ ಬಗ್ಗೆ ಬರೆಯಲಾರೆ. ಕಾಕಾ ತಮ್ಮ ಹೆಗಲ ಮೇಲಿನ ವಸ್ತ್ರ ತೆಗೆದು ಅದರ ತಲೆಗೆ ಮುಚ್ಚಿ, ಮಣ್ಣಿನಲ್ಲೇ ಕೂತು, ಅದು ತಣ್ಣಗಾಗುವವರೆಗೆ ಬೆನ್ನ ಮೇಲೆ ಕೈಯಿಟ್ಟುಕೊಂಡಿದ್ದರು. ಆಮೇಲೆ ತಲೆಯೆತ್ತಿ ಕೇಳಿದರು, “ಉಂಡಿ ಅಂದ್ರ ಇದಾ ಏನ್ರಿ?”

“ಮತ್ತ?” ಎಂದರು ಅಧಿಕಾರಿ. ಅವರ ಮುಖದಲ್ಲೂ ರಕ್ತವಿರಲಿಲ್ಲ. “ಹಿಟ್ಟಿನ್ಯಾಗ ಮದ್ದು ತುಂಬಿ ಹಂದಿ ದಾರ್ಯಾಗ ಇಡ್ತಾರ. ಕಚ್ಚಿದ್ರ ದವಡಿ ಹಾರತೈತಿ. ಮಳಿಗಾಲ ಸುರು ಆದಾಗಿಂದ ಎರಡು ಆಕಳ ಹಿಂಗ ಸತ್ತಾವ್ರಿ. ನೀವು ಹೊಲಾ ತಗೊಂಡ್ರಿ, ಉಂಡಿ ಸುರು ಆದ್ವು. ಆಮ್ಯಾಲ ಅಟ್ಟ ಕಟ್ತೇವಿ ಅಂತ ಅರ್ಜಿ ಬಂತು. ಬೇಟಿ ಆಡಾವ್ರು ಅಟ್ಟದ ಮ್ಯಾಲ ಕುಂದರತಾರ. ನಾ ಏನ್ ತಿಳ್ಕೋಬೇಕ್ರಿ? ಆ ಮಾತು ಹಾಕಿ ಮೇಡಮ್ಮಾರ ಮಾರಿ ನೋಡಿದೆ. ಅವರ ಮಾರಿ ಕಪ್ಪಿಟ್ತು. ಮರುದಿನ ನೀವು ಡಬ್ಬಿ ತುಂಬ ತಂದು ನನ್ನ ಮುಂದ ಇಟ್ರಿ!”

ಬೇರೆ ದಿನವಾಗಿದ್ದರೆ ನಾವೆಲ್ಲ ಹೊಟ್ಟೆ ಹಿಡಿದು ನಗಬೇಕಾದ ಮಾತು. ಯಾರೂ ನಗಲಿಲ್ಲ. ಗಾರ್ಡ್ ಟೇಪನ್ನು ಸುತ್ತಿ ನನ್ನ ಕೈಗೆ ಕೊಟ್ಟ. ಸ್ಲೀಪರಿನ ರಾಶಿಯ ಪಕ್ಕ ಗುಂಡಿ ತೋಡಿ ಮೋತ್ಯಾನನ್ನು ಹುಗಿದೆವು.

ಅಧಿಕಾರಿಯ ಸಂಶಯ ಅಲ್ಲಿಗೆ ತೀರಿತು. ಕೆಲ ದಿನಗಳ ನಂತರ ಕರೆಸಿ, ಪತ್ರ ತಯಾರಿದೆ ಎಂದರು. ಈಗ ಅವರಿಗೇ ನಮ್ಮ ಡೆಕ್ ಬೇಕಿತ್ತು. “ಮಂದಿ ಓಡ್ಯಾಡಿದ್ರ ಉಂಡಿ ಇಡಾವ್ರು ಬರಂಗಿಲ್ಲ,” ಎಂದರು. ನಾನು ಮಾಡಬೇಕಾದದ್ದು ಒಂದೇ, ಜಾಗ ಸಾರ್ವಜನಿಕರಿಗೆ ಸುರಕ್ಷಿತವಾಗಿದೆ ಎಂದು ಇಂಜಿನಿಯರಾಗಿ ಸಹಿ ಮಾಡಿ ಕೊಡುವುದು.

“ಗಡಿಗುಂಟ ಇರೋ ಆ ನೆಲದ ಪಟ್ಟಿಯೆಲ್ಲಾ ಹುಡುಕ್ಯಾರೇನ್ರಿ?” ಎಂದು ಕೇಳಿದೆ.

“ನಮ್ಮವ್ರು ಅಡ್ಡಾಡಿ ಬಂದಾರ.”

“ಹುಡುಕೇವಿ ಅಂತ ಬರದು ಕೊಡ್ರಿ. ನಾ ಸಹಿ ಮಾಡ್ತೇನಿ.”

ಅವರು ಪೆನ್ನು ಕೆಳಗಿಟ್ಟರು. “ಹೆಂಗ ಬರೀಲಿ ಮೇಡಂ? ಮದ್ದು ಹುಡುಕೇವಿ ಅಂತ ಬರದ್ರ, ನನ್ನ ಅಡವ್ಯಾಗ ಮದ್ದು ಇತ್ತು ಅಂತ ನಾನ ಬರದು ಕೊಟ್ಟಂಗ. ಮ್ಯಾಲಿನವರು ಮೊದಲ ನನ್ನ ಹಿಡೀತಾರ. ಅದೊಂದು ಮಾತು ಬಿಡ್ರಿ. ಪತ್ರ ಇವತ್ತ ಒಯ್ಯಿರಿ.”

ಕಂಬಕ್ಕೆ ಗುಂಡಿ ತೋಡುವವರು ಗುದ್ದಲಿ ಎತ್ತುವುದು ಅದೇ ಪಟ್ಟಿಯಲ್ಲಿ. ಆಮೇಲೆ ಗಿರ್ಮಿಟ್ ತಿನ್ನಲು ಬರುವವರ ಮಕ್ಕಳು ಚೆಂಡಿನ ಹಿಂದೆ ಓಡುವುದೂ ಅಲ್ಲಿಯೇ. ಮಕ್ಕಳು ದುಂಡಗಿನದನ್ನು ಕಂಡರೆ ಎತ್ತಿಕೊಳ್ಳದೆ ಬಿಡುತ್ತಾರೆಯೇ? ನಾನು ಸಹಿ ಮಾಡದೆ ಎದ್ದು ಬಂದೆ.

ದೀಪಾವಳಿ ಹತ್ತಿರವಾಗಿತ್ತು. ಕಾಕಾನಿಗೆ ಹೇಳಿದಾಗ ಅವರು ನನ್ನನ್ನು ದಿಟ್ಟಿಸಿ ನೋಡಿದರು. ಅಂಥ ನೋಟವನ್ನು ಆ ಮನೆಯಲ್ಲಿ ನಾನು ಕಂಡಿರಲಿಲ್ಲ.

“ಖರೇ ಹೇಳು ತಂಗಿ. ನನ್ನ ಮಕ್ಕಳು ನಿನ್ನ ಕಡಿ ಬಂದಿದ್ರೇನು?”

“ಕಾಕಾ!”

“ಮತ್ತ ಪತ್ರ ಟೇಬಲ್ ಮ್ಯಾಲ ಐತಿ ಅಂತಿ, ಒಲ್ಲೆ ಅಂದು ಬಂದೇನಿ ಅಂತಿ. ನಾ ಏನ್ ತಿಳ್ಕೊಳ್ಳಿ?”

ಅಧಿಕಾರಿಯ ಬಾಯಿಂದ ಕೇಳಿದ ಮಾತೇ ಈಗ ಕಾಕಾನ ಬಾಯಲ್ಲಿ ಬಂದಿತ್ತು. ನನಗೆ ಸಿಟ್ಟು ಬರಲಿಲ್ಲ. ಬಲಗೈ ಮುಂದೆ ಚಾಚಿ ತೋರಿಸಿದೆ. “ಇದು ಉಳದೈತಲ್ರಿ ಕಾಕಾ, ಮೋತ್ಯಾ ಮುಂದ ಬಂತಂತ ಉಳದೈತಿ. ಇದರ್ಲೆ ಸುಳ್ಳ ಸಹಿ ಹೆಂಗ ಮಾಡ್ಲಿ?” ಕಾಕಾ ಎದ್ದರು. ಒಳಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ. ಅವರ ಹೆಂಡತಿ ಕಾಕೂ ಚಹಾ ತಂದಿಟ್ಟು, “ಸಿಟ್ಟ ಮಾಡ್ಕೋಬ್ಯಾಡವಾ, ಅವರಿಗೆ ನಾಯಿ ಹೋದಾಗಿಂದ ಊಟ ಸೇರವಲ್ತು,” ಎಂದರು.

ದಾರಿ ತೋಚಿದ್ದು ಡ್ರಾಯಿಂಗ್ ಬೋರ್ಡಿನ ಮುಂದೆ. ಪತ್ರಕ್ಕೆ ನನ್ನ ನಕ್ಷೆ ಲಗತ್ತಾಗಬೇಕು, ನಕ್ಷೆಯ ಮೇಲೆ ಅಧಿಕಾರಿಯ ಮುದ್ರೆ ಬೀಳಬೇಕು. ನಕ್ಷೆಯ ಮೂಲೆಯ ಟಿಪ್ಪಣಿಗಳಲ್ಲಿ ಕಬ್ಬಿಣದ ದಪ್ಪ, ಕಾಂಕ್ರೀಟಿನ ಪ್ರಮಾಣ ಎಲ್ಲ ನಾನೇ ಬರೆಯುವವಳು. ಅವುಗಳ ಕೆಳಗೆ ಇನ್ನೊಂದು ಸಾಲು ಸೇರಿಸಿದೆ: ಗಡಿಗುಪ್ಪೆಗಳ ನಡುವಿನ ಪಟ್ಟಿಯನ್ನು ಅರಣ್ಯ ಸಿಬ್ಬಂದಿಯು ಇಂಜಿನಿಯರರ ಎದುರು ಪೂರ್ತಿ ಶೋಧಿಸಿದ ನಂತರವೇ ಅಗೆತ ಆರಂಭಿಸತಕ್ಕದ್ದು. ಮದ್ದು ಎಂಬ ಪದವಿರಲಿಲ್ಲ, ಸ್ಫೋಟ ಎಂಬುದೂ ಇರಲಿಲ್ಲ. ಅಧಿಕಾರಿ ಅದನ್ನು ಎರಡು ಸಲ ಓದಿ, ಮೊದಲ ಬಾರಿಗೆ ನಕ್ಕು, ಮುದ್ರೆ ಒತ್ತಿದರು. “ಕಾಲೇಜಿನ್ಯಾಗ ಇದನ್ನೂ ಕಲಸ್ತಾರೇನ್ರಿ?”

ಸಹಿ ನಾನು ಆಗಲೂ ಕೊಡಲಿಲ್ಲ. ಶೋಧ ಮುಗಿದ ಮೇಲೆ ಎಂದೆ.

ಶೋಧದ ದಿನ ಗಾರ್ಡ್ ಬಂದ, ಜೊತೆಗೆ ಉದ್ದನೆಯ ಬಿದಿರಿನ ಗಳ ಹಿಡಿದ ನಾಲ್ಕಾರು ಜನ. ಅಧಿಕಾರಿ, ಕಾಕಾ, ನಾನು ಸ್ಲೀಪರಿನ ರಾಶಿಯ ಹಿಂದೆ ನಿಂತೆವು. ಉಳಿದವರು ಹೆದರುತ್ತ, ಪೊದೆ ಪೊದೆ ಬಡಿಯುತ್ತ ನಿಧಾನವಾಗಿ ಸಾಗಿದರು. ಗಾರ್ಡ್ ಮಾತ್ರ ಗಳವನ್ನು ಹೆಗಲ ಮೇಲಿಟ್ಟು ನೇರ ನಡೆದ. ನಮ್ಮ ಹಿಂದಿನ ಕಂಬಕ್ಕೆ ಗೂಟ ಹೊಡೆದ ಜಾಗದ ಸಮೀಪ ನಿಂತು, ಗಳದ ತುದಿಯಿಂದ ಒಣಗಿದ ಎಲೆ ಸರಿಸಿ, “ಇಲ್ಲೊಂದು” ಎಂದ. ಬಳಿಕ ಕಾಲುದಾರಿಯ ಆಚೆ ಬದಿಗೆ ಹೋಗಿ, “ಇಲ್ಲೊಂದು” ಎಂದ. ಮೂರನೆಯ ಸಲ ಅವನು ಎಲ್ಲಿಯೂ ನಿಲ್ಲಲಿಲ್ಲ. ಉಳಿದವರು ಸಂಜೆಯವರೆಗೆ ಬಡಿದರೂ ಬೇರೊಂದು ಸಿಗಲಿಲ್ಲ. ಅವನ ನಡಿಗೆ ಹುಡುಕುವವನ ನಡಿಗೆಯಾಗಿರಲಿಲ್ಲ. ಇಟ್ಟ ಪಾತ್ರೆಯನ್ನು ಮನೆಯಾಕೆ ಕತ್ತಲಲ್ಲೂ ಕೈಗೆತ್ತಿಕೊಳ್ಳುತ್ತಾಳಲ್ಲ, ಹಾಗಿತ್ತು.

ಅಲ್ಲಿಯವರೆಗೂ ಹೊಳೆಯದ ಒಂದು ಪ್ರಶ್ನೆ ಆಗ ಹೊಳೆಯಿತು. ಆ ದಿನ ಅವನು ಗುಪ್ಪೆಯ ಆಚೆ ಕುಕ್ಕರಗಾಲಲ್ಲಿ ಕೂತಿದ್ದ. ನಡುವೆ ಎದೆಯೆತ್ತರದ ಪೊದೆ. ನನಗೆ ಅವನು ಕಾಣುತ್ತಿರಲಿಲ್ಲ. ಹಾಗಾದರೆ ನಾನು ಯಾವುದಕ್ಕೆ ಕೈ ಚಾಚಿದೆನೆಂದು ಅವನಿಗೆ ಹೇಗೆ ಕಂಡಿತು?

ನೇರವಾಗಿಯೇ ಕೇಳಿದೆ. ಅವನು ಎಲೆ-ಅಡಿಕೆ ಉಗುಳಿ, ನಕ್ಕ. “ಟೇಪ್ ಸಡ್ಲ ಆತ್ರಿ ಬಾಯಾರ. ನೀವು ಬಗ್ಗೀರಿ ಅಂತ ಗೊತ್ತಾತು. ಹಂದಿ ದಾರ್ಯಾಗ ಬಗ್ಗಿದ್ರ ಮತ್ತ ಏನ್ ಇರತೈತ್ರಿ? ನಂದೂ ಇದ ಅಡವಿ, ಅವುಗಳ ಹಾದಿ ನನಗ ಗೊತ್ತ.”

ಆ ಉತ್ತರದಲ್ಲಿ ಸಂದಿಲ್ಲ. ಟೇಪು ಸಡಿಲವಾಗಿರಬಹುದು. ಹಂದಿಯ ಹಾದಿ ಬಲ್ಲವನಿಗೆ ಮದ್ದಿನ ಜಾಗವೂ ತಿಳಿಯಬಹುದು. ಅವನು ಕೂಗದೇ ಇದ್ದಿದ್ದರೆ ಮೋತ್ಯಾ ಓಡಿ ಬರುತ್ತಿರಲಿಲ್ಲವೇನೋ ಎಂದೂ ಅನಿಸುತ್ತದೆ. ಉಂಡಿ ಎಂಬ ಮಾತು ಅದಕ್ಕೆ ಚೆನ್ನಾಗಿ ಗೊತ್ತಾಗಿತ್ತು. ಅಧಿಕಾರಿಯನ್ನು ಪಕ್ಕಕ್ಕೆ ಕರೆದು ನನ್ನ ಸಂಶಯ ಹೇಳಿದೆ. ಅವರು ಜೀಪಿನ ಬಾನೆಟ್ ಮೇಲೆ ಕೈಯೂರಿದರು. “ನನಗೂ ಬಂದೈತಿ ಮೇಡಂ,” ಎಂದರು. “ನಿಮ್ಮ ಮ್ಯಾಲೂ ಬಂದಿತ್ತು. ಏನಾತು? ಸಂಶೇದ ಮ್ಯಾಲ ಪಂಚನಾಮಿ ಬರ್ಯಾಕ ಬರಂಗಿಲ್ಲ.”

ನಾನು ಸಹಿ ಮಾಡಿದೆ. ನಿರಾಕ್ಷೇಪಣಾ ಪತ್ರ ದೀಪಾವಳಿಗೆ ಮೊದಲೇ ಬಂತು. ಅದರಲ್ಲಿ ಅಟ್ಟ ಎಂಬ ಪದವನ್ನು ಹೊಡೆದುಹಾಕಿ “ವೀಕ್ಷಣಾ ಕಟ್ಟೆ” ಎಂದು ಮಾಡಿದ್ದರು. ಕಾಕಾ ಅದನ್ನು ಅಂಗಡಿ ಪೂಜೆಯಲ್ಲಿ ಲಕ್ಷ್ಮಿಯ ಫೋಟೋದ ಮುಂದೆ, ಮಕ್ಕಳ ಕಣ್ಣೆದುರೇ, ಕುಂಕುಮ ಹಚ್ಚಿ ಇಟ್ಟರು. ನನ್ನ ಕೈಗೆ ಪ್ರಸಾದ ಹಾಕುವಾಗ ಬೇರೇನೂ ಹೇಳದೆ, ನನ್ನ ಬಲಗೈಯನ್ನು ತಮ್ಮ ಎರಡೂ ಕೈಗಳಲ್ಲಿ ಒಂದು ಕ್ಷಣ ಹಿಡಿದುಕೊಂಡರು.

ಬೇಸಿಗೆಗೆ ಡೆಕ್ ಎದ್ದಿತು. ಪ್ರಾರಂಭದ ದಿನ ಗಿರ್ಮಿಟ್ ಇತ್ತು, ಮಿರ್ಚಿ ಇತ್ತು. ಸಿಹಿಗೆ ಏನು ಎಂದು ಮನೆಯವರು ಕೇಳಿದಾಗ ಕಾಕಾ, “ಬೇಸನ್ ಉಂಡಿನ ಆಗಬೇಕು. ಮೋತ್ಯಾನ ಹೆಸರ್ಲೆ,” ಎಂದಿದ್ದರಂತೆ. ಅದೇ ಸ್ಟೀಲಿನ ಡಬ್ಬಿ ಹಿಡಿದು ಎಲ್ಲರ ಮುಂದೆಯೂ ತಾವೇ ಬಂದರು.

ನಾನು ಒಂದು ತೆಗೆದುಕೊಂಡೆ. ಬಾಯಿಗಿಡುವ ಮೊದಲು ಬೆರಳ ತುದಿಯಲ್ಲಿ ಒಡೆದು ಒಳಗೆ ನೋಡಿದ್ದು ನನಗೇ ತಡವಾಗಿ ಗೊತ್ತಾಯಿತು. ನಾಚಿಕೆಯಾಗಿ ತಲೆಯೆತ್ತಿದರೆ, ಎದುರಿಗೆ ಅಧಿಕಾರಿ ತಟ್ಟೆಯ ಅಂಚಿಗೆ ಒತ್ತಿ ತಮ್ಮದನ್ನು ಎರಡು ಮಾಡುತ್ತಿದ್ದರು. ಕಣ್ಣು ಕೂಡಿದವು. ಇಬ್ಬರೂ ಬೇರೆ ಕಡೆ ನೋಡಿದೆವು.

ಗಾರ್ಡ್ ಕಟಕಟೆಗೆ ಒರಗಿ ಅಡವಿಯ ಕಡೆ ಮುಖ ಮಾಡಿ ನಿಂತಿದ್ದ. ಡಬ್ಬಿಯೊಳಗೆ ಕೈ ಹಾಕಿದ, ಕೈಗೆ ಸಿಕ್ಕಿದ್ದನ್ನು ನೋಡದೆಯೇ ಇಡಿಯಾಗಿ ಬಾಯಿಗೆ ಹಾಕಿಕೊಂಡ.

“ಭಾಳ ಛಲೋ ಆಗ್ಯಾವ್ರಿ ಸಾವುಕಾರ್ರ,” ಎಂದ ಜಗಿಯುತ್ತ. “ಇನ್ನೊಂದ್ ಕೊಡ್ರಿ.”